ವಾಟರ್ ಪಂಪು, ನಮ್ಮ ಬಾವಿ

ಈಗಲೂ ಗೀಸರಿನ ಕಾಯಿಲ್‌ಗೆ ಕಟ್ಟಿದ ಬಿಳಿ ಹಕ್ಕಳೆಯನ್ನು ಕೆರೆಯುವಾಗ ನಮ್ಮೂರು ಕುರುಗೋಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕಾರು ದಾರಿಯಲ್ಲಿ ಮತ್ತೆ ಮತ್ತೆ ಎಂಜಿನ್ ಬಿಸಿಯಾಗಿ ನಿಲ್ಲುತ್ತಿತ್ತು. ಬಳ್ಳಾರಿಯಿಂದ ಬಂದ ಮೆಕ್ಯಾನಿಕ್ ಖಾಸೀಂ ಸಾಬರು ಬಾನೆಟ್ ಎತ್ತಿ ಎಂಜಿನ್ನಿನ ಫ್ಯಾನ್ ಹಿಡಿದು ನೋಡಿದರು. ಅದು ಬೀಳಲಿರುವ ಹಲ್ಲಿನಂತೆ ಅಲ್ಲಾಡಿತು.

"ಬೇರಿಂಗ್ ಹೋಗೈತ್ರಿ," ಎಂದು, ಎಂಜಿನ್ ತಣ್ಣಗಿಡಲು ನೀರು ಹರಿಸುವ ವಾಟರ್ ಪಂಪ್ ಬಿಚ್ಚಿದರು.

ನಾನು ಬೆಚ್ಚಿದೆ. ನೀರು ತಳ್ಳುವ ಕಬ್ಬಿಣದ ರೆಕ್ಕೆಗಳೇ ಒಳಗಿರಲಿಲ್ಲ. ಬಿಳಿ ಉಪ್ಪು ಮೆತ್ತಿದ ಮೊಂಡು ಚಕ್ರವಷ್ಟೇ ಉಳಿದಿತ್ತು. ಹೋದ ವರ್ಷ ತಾನೇ ಹಾಕಿಸಿದ ಹೊಸ ಪಂಪು ಅದು.

"ಕಬ್ಬಿಣಾನ ತಿಂದು ಬಿಟ್ಟೈತಲ್ರಿ. ಯಾವ ನೀರು ಹಾಕ್ತೀರಿ ಇದಕ್ಕ?"

"ನಮ್ಮ ಮನಿ ಬಾವಿ ನೀರ, ಸಾಬ್ರ," ಎಂದರು ಅಪ್ಪ.

ಗೋಡೆ ಹಿಡಿದುಕೊಂಡು ಹೊರಗೆ ಬಂದ ಅಜ್ಜಿಗೆ ಸಿಟ್ಟು ಬಂತು. ಸೊಟ್ಟಗಾದ ಮೊಣಕಾಲು ನೀವಿಕೊಳ್ಳುತ್ತ, "ಲಗ್ನಾಗಿ ಬಂದಾಗಿಂದ ಇದ ನೀರು ಕುಡದೀನಿ. ನನಗೇನಾಗೈತಿ?" ಎಂದಳು.

ಖಾಸೀಂ ಸಾಬರು ಅವ್ವ ತಂದುಕೊಟ್ಟ ನೀರಿನ ಲೋಟವನ್ನು ಅಷ್ಟರಲ್ಲಿ ತುಟಿಯವರೆಗೆ ಎತ್ತಿದ್ದರು. ಕುಡಿಯದೆ, ಸದ್ದಾಗದಂತೆ ಕಟ್ಟೆಯ ಮೇಲಿಟ್ಟರು.

ಅವ್ವ ಆ ಲೋಟವನ್ನು ನೋಡಿದಳು, ಅಜ್ಜಿಯ ಕಾಲುಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.