ಬಿಳಿ ಹೊಲಿಗೆ

ಮೊದಲ ತರಗತಿ ಮುಗಿಯುತ್ತಲೇ ಮೇಷ್ಟರ ಸಹಿ ಹಾಕಿಸಿಕೊಂಡು ಕಂಪ್ಯೂಟರ್ ವಿಭಾಗಕ್ಕೆ ಕೈಮುಗಿದುಬಿಡಬೇಕೆಂದು ಲಾಂಡ್ರಿಯವಳ ಮಗಳು ಅರ್ಜಿ ಬರೆದುಕೊಂಡೇ ಬಂದಿದ್ದಳು. ವಿಭಾಗ ಬದಲಿಸಲು ಅದೇ ಕೊನೆಯ ದಿನ. ಮುಂದಿನ ಬೆಂಚಿನವರು ಯಾವ ಯಾವುದೋ ಪ್ರೋಗ್ರಾಮುಗಳ ಬಗ್ಗೆ ಅರಳು ಹುರಿದಂತೆ ಮಾತಾಡುತ್ತಿದ್ದರು. ಇವಳು ಕಂಪ್ಯೂಟರನ್ನು ಮುಟ್ಟಿದ್ದೇ ಸೀಟು ಸಿಕ್ಕ ಮೇಲೆ. ಕೊನೆಯ ಬೆಂಚಿನಲ್ಲಿ ಮುದುಡಿ ಕೂತಳು.

ಮೇಷ್ಟರು ಬಂದವರೇ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ತಮ್ಮ ಕರವಸ್ತ್ರ ಹೊದಿಸಿ, ದೇವರ ಮುಂದೆ ನಿಂತವರಂತೆ ಅರೆಗಳಿಗೆ ಕಣ್ಣು ಮುಚ್ಚಿದರು. "ಇವತ್ತು ಇದು ಮಲಗಿರಲಿ. ನಿಮ್ಮ ನಿಮ್ಮ ಮನೆಯವರ ಕೆಲಸ ಹೇಳಿ. ನಮ್ಮ ಕಂಪ್ಯೂಟರ್ ಶಾಸ್ತ್ರ ದೊಡ್ಡ ಮನೆ. ಅವರಿಗೆ ಅದರಲ್ಲಿ ಯಾವ ಕೋಣೆ ಅಂತ ನಾನು ಹೇಳ್ತೀನಿ."

"ನಮ್ಮಪ್ಪ ಬಸ್ ಡ್ರೈವರ್," ಎಂದನೊಬ್ಬ.

"ಹತ್ತೂರು ಸುತ್ತಿ ಕಡಿಮೆ ದಾರೀಲಿ ಮನೆಗೆ ಬರೋದು ಹೇಗೆ? ಅದೊಂದಕ್ಕೇ ತಲೆ ಕೆಡಿಸ್ಕೊಂಡ ಪಂಡಿತರಿದ್ದಾರೆ. ಮುಂದೆ."

"ಅಕ್ಕ ನರ್ಸು. ತುರ್ತು ವಾರ್ಡು."

"ಎಲ್ಲರೂ ಒಟ್ಟಿಗೆ ಕೂಗಿದಾಗ ಮೊದಲು ಯಾರ ಹತ್ತಿರ ಓಡಬೇಕು? ಯಂತ್ರದ್ದೂ ಅದೇ ಫಜೀತಿ."

"ನಮ್ಮಜ್ಜಿ ಮನೇಲೇ ಕೂತು ಊರೋರ ಸುದ್ದಿಯೆಲ್ಲ ಮಾತಾಡ್ತಾಳೆ ಸರ್." ತರಗತಿ ಗೊಳ್ಳೆಂದಿತು.

"ಅರ್ಧ ಮಾತು ಕೇಳಿ ಪೂರ್ತಿ ತಿಳ್ಕೋತಾಳಾ? ಅದನ್ನ ಯಂತ್ರಕ್ಕೆ ಕಲಿಸೋಕೆ ನಾವಿನ್ನೂ ಬೆವರು ಸುರಿಸ್ತಿದ್ದೀವಿ. ಆ ತಾಯಿಗೆ ನನ್ನ ನಮಸ್ಕಾರ ಹೇಳಪ್ಪ."

ಸರದಿ ಕೊನೆಯ ಬೆಂಚಿಗೆ ಬಂತು. "ಅಮ್ಮ ಊರೋರ ಬಟ್ಟೆ ಒಗೀತಾಳೆ," ಎಂದಳು ಹುಡುಗಿ. "ಅದಕ್ಕೆ ಕೋಣೆ ಇರಲ್ಲ ಬಿಡಿ ಸರ್."

"ಎಷ್ಟು ಮನೆ?"

"ಎಂಬತ್ತು."

"ಅದಲುಬದಲಾಗಲ್ವೇನಮ್ಮ?"

"ಕಾಲರ್ ಒಳಗೆ ಗುರುತು ಹೊಲೀತಾಳೆ. ಕೆಂಪು ಹೊಲಿಗೆ ಇಷ್ಟು, ನೀಲಿ ಇಷ್ಟು ಅಂದ್ರೆ ಇಂಥ ಮನೆ." ಅಲ್ಲಿಗೇ ನಿಲ್ಲಿಸುವವಳಿದ್ದಳು. ಸೂಜಿ ಹಿಡಿದ ಅಮ್ಮನ ಬೆರಳು ಕಣ್ಣಿಗೆ ಕಟ್ಟಿ ಮಾತು ತಾನಾಗಿ ಮುಂದುವರಿಯಿತು. "ಒಗೆದೂ ಒಗೆದೂ ಹೊಲಿಗೆ ಉದುರುತ್ತೆ ಸರ್. ಐದು ನಾಲ್ಕಾದ್ರೆ ಅದು ಬೇರೆ ಮನೆ ಗುರುತು. ಒಂದು ಸಲ ಸಂದರ್ಶನಕ್ಕೆ ಹೊರಟೋರ ಅಂಗಿ ಹಾಗೇ ಇನ್ನೆಲ್ಲೋ ಹೋಗಿ, ಬೀದೀಲಿ ನಿಲ್ಲಿಸಿ ಬೈದ್ರು. ಅಮ್ಮ ಮೂರು ದಿನ ಬಂದ ಕಾಲರನ್ನೆಲ್ಲ ಮಗುಚಿ ಮಗುಚಿ ನೋಡಿದಳು. ನಾಲ್ಕನೇ ದಿನ ಬಿಳಿ ದಾರ ತಂದಳು. ಕೆಂಪು, ನೀಲಿ ಸೇರಿ ಬೆಸ ಬಂದ್ರೆ ಪಕ್ಕಕ್ಕೊಂದು ಬಿಳಿ ಹೊಲಿಗೆ. ಒಟ್ಟು ಯಾವಾಗ್ಲೂ ಸಮ ಇರಬೇಕು. ಎಣಿಸಿದಾಗ ಬೆಸ ಬಂತೋ, ಒಂದು ಉದುರಿದೆ ಅಂತ ಅರ್ಥ. ಆ ಅಂಗಿ ಬೇರೆ ಇಡ್ತಾಳೆ."

ಮೇಷ್ಟರು ಹಲಗೆಯ ಮೇಲೆ ಸೊನ್ನೆ, ಒಂದುಗಳ ಸಾಲು ಬರೆದು, ಒಂದುಗಳನ್ನು ಎಣಿಸಿದರು. ಏಳಿದ್ದವು. ತುದಿಗೆ ಇನ್ನೊಂದು ಸೇರಿಸಿ ಎಂಟು ಮಾಡಿದರು.

"ಯಂತ್ರದಿಂದ ಯಂತ್ರಕ್ಕೆ ಹೋಗೋ ಸುದ್ದಿ ದಾರೀಲಿ ಕೆಟ್ಟಿದೆಯಾ ಅಂತ ನಾವು ನೋಡೋದೂ ಹೀಗೇ. ಇದೇ ನಿಮ್ಮಮ್ಮನ ಬಿಳಿ ಹೊಲಿಗೆ. ನಾನು ಇದನ್ನ ಪುಸ್ತಕ ಓದಿ ಕಲಿತೆ, ಆಕೆ ಬೈಸಿಕೊಂಡು ಕಲಿತಳು." ಸೀಮೆಸುಣ್ಣ ಕೆಳಗಿಟ್ಟರು. "ಎರಡು ಹೊಲಿಗೆ ಉದುರಿದ್ರೆ?"

"ಆಗ ಮತ್ತೆ ಸಮಾನೇ ಬರುತ್ತೆ. ಅಮ್ಮ ಮೋಸ ಹೋಗ್ತಾಳೆ."

"ನಾವೂ ಹೋಗ್ತೀವಿ. ಅದಕ್ಕೂ ಉಪಾಯ ಇದೆ. ಮೂರನೇ ವರ್ಷದ ಪಾಠ."

ಗಂಟೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಹುಡುಗಿ ಮೇಜಿನ ಹತ್ತಿರ ಬಂದಳು. ಅವಳ ಕೈಯಲ್ಲಿದ್ದ ಅರ್ಜಿಯ ತಲೆಬರಹವನ್ನು ಮೇಷ್ಟರು ಓದಿಕೊಂಡರು. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಪೆನ್ನಿನ ಮುಚ್ಚಳ ತೆಗೆದು, "ಎಲ್ಲಿ ಹಾಕಲಮ್ಮ ಸಹಿ?" ಎಂದರು.

ಹುಡುಗಿ ಹಲಗೆಯ ಮೇಲಿನ ಎಂಟನೆಯ ಒಂದನ್ನು ನೋಡುತ್ತ ನಿಂತಿದ್ದಳು.

"ಮೂರನೇ ವರ್ಷ ಅಂದ್ರಲ್ಲ ಸರ್, ಅಲ್ಲೀತನಕ ಅಮ್ಮ ಕಾಯೋಕಾಗಲ್ಲ," ಎಂದವಳೇ ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅರ್ಜಿಯನ್ನು ಮಗುಚಿ ಹಾಕಿ, ಅದರ ಬೆನ್ನ ಮೇಲೆ ಸಾಲು ಸಾಲಾಗಿ ಹೊಲಿಗೆ ಇಡತೊಡಗಿದಳು.