ಗಡ್ಡದ ಹರಕೆ

"ಗಡ್ಡ ತೆಗೆಸಿಕೊಂಡು ಬಾರೋ. ಹೆಣ್ಣು ನೋಡೋಕೆ ಹೋಗ್ತಿರೋದು, ಹಿಮಾಲಯಕ್ಕಲ್ಲ," ಎಂದು ಅಕ್ಕನ ಮಗನ ಮೇಲೆ ರೇಗಿದೆ.

"ಭಾರತ ಫುಟ್‌ಬಾಲ್ ವಿಶ್ವಕಪ್‌ಗೆ ಅರ್ಹತೆ ಪಡೆಯೋವರೆಗೂ ಕತ್ತರಿ ಮುಟ್ಟಿಸಲ್ಲ ಅಂತ ಹರಕೆ ಹೊತ್ತಿದ್ದೀನಿ, ಮಾವ."

"ಈ ಗಡ್ಡ ನೋಡಿಯೇ ಮೂರು ಸಂಬಂಧ ತಪ್ಪಿಹೋಯ್ತು. ಇದೂ ತಪ್ಪಿದರೆ ನಾನಂತೂ ಇನ್ನು ನಿನ್ನ ಜೊತೆ ಬರಲ್ಲ."

"ಮುಂದಿನ ಸಲ ವಿಶ್ವಕಪ್‌ಗೆ ಖಂಡಿತ ಹೋಗ್ತೀವಿ, ನೋಡ್ತಿರಿ."

"ನಿನಗೆ ಹೆಣ್ಣು ಕೊಡೋ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ ಬಿಡು."

ಅವನು ಗಡ್ಡದಲ್ಲೇ ಹೊರಟ. ನಾನು ದಾರಿಯುದ್ದಕ್ಕೂ ಬೈದೆ. ಹೆಣ್ಣಿನ ತಂದೆ ಬಾಗಿಲು ತೆರೆದಾಗ ಮುಖ ನೋಡಲು ನಾಚಿಕೆಯಾಗಿ, ತಲೆ ತಗ್ಗಿಸಿಕೊಂಡೇ ಹರಕೆಯ ವಿಷಯ ಹೇಳಿಬಿಟ್ಟೆ.

ಹೇಳಿ ಮುಗಿಸಿ ಮೆಲ್ಲಗೆ ತಲೆ ಎತ್ತಿದೆ.

ಹೊಕ್ಕುಳ ಮುಟ್ಟುತ್ತಿದ್ದ ತಮ್ಮ ಬಿಳಿ ಗಡ್ಡವನ್ನು ನೀವಿಕೊಳ್ಳುತ್ತ ಅವರು ಹುಡುಗನ ಕೈ ಹಿಡಿದು, "ಒಳಗೆ ಬನ್ನಿ ಅಳಿಯಂದಿರೇ, ಮುಂದಿನ ಸಲ ಖಂಡಿತ ಹೋಗ್ತೀವಿ," ಎಂದರು.