ಹಾಲುಮರಡಿಯ ದಾರಿ

ಕಾವಲಿಯ ಮೇಲೆ ಎರಡನೆಯ ದೋಸೆ ಹುಯ್ಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ವನಮಾಲಾ ಒಲೆ ಆರಿಸಿ, ಕೈ ಒರೆಸಿಕೊಂಡು, ಸ್ಪೀಕರ್ ಒತ್ತಿದಳು. ನಕ್ಷೆಯ ಕಂಪನಿಗಳು ಬೆಲೆ ಏರಿಸಿ, ಊರೂರಿನ ಫೋನುಗಳಿಂದ ರಸ್ತೆಗಳೆಲ್ಲ ಅಳಿಸಿಹೋದ ಮೇಲೆ, ಅದೇ ನಕ್ಷೆಗಳನ್ನು ನಂಬಿ ಅವಳು ನಡೆಸುತ್ತಿದ್ದ, ದಾರಿ ತೋರಿಸುವ ಉಚಿತ ಜಾಲತಾಣವೂ ಬರಿದಾಗಿತ್ತು. ಈಗ ಜನರ ಬಾಯಿಂದ ಕೇಳಿ ಕೇಳಿ ಅದನ್ನು ಮತ್ತೆ ಕಟ್ಟುತ್ತಿದ್ದಳು. ಒಂದು ದಾರಿ ಕೇಳಿದವರು ತಮಗೆ ಗೊತ್ತಿರುವ ಒಂದು ದಾರಿ ಹೇಳಬೇಕು, ಅಷ್ಟೇ ಕರಾರು.

ಕರೆ ಮಾಡಿದವಳು ನರ್ಸ್ ರೆಹಾನಾ. "ವನಮಾಲಕ್ಕ, ಹಾಲುಮರಡಿಗೆ ದಾರಿ ಬೇಕಿತ್ತು. ಮಕ್ಕಳ ಲಸಿಕೆ ಇಟ್ಕೊಂಡು ಕವಲಲ್ಲಿ ನಿಂತಿದೀನಿ. ಪೆಟ್ಟಿಗೇಲಿ ಐಸು ಕರಗ್ತಾ ಇದೆ."

ವನಮಾಲಾ ಹುಡುಕಿದಳು. ಆ ಊರಿನ ದಾರಿಯನ್ನು ಇನ್ನೂ ಯಾರೂ ಹೇಳಿರಲಿಲ್ಲ.

"ಅದು ನಿಮ್ಮಕ್ಕ ಇದ್ದ ಊರಲ್ವಾ? ನೀವೇ ಹೇಳಿ. ಬೇಕಾದ್ರೆ ಬದಲಿಗೆ ಎರಡು ದಾರಿ ಹೇಳ್ತೀನಿ," ಎಂದು ರೆಹಾನಾ ನಕ್ಕಳು.

ಅಕ್ಕ ಬದುಕಿದ್ದಾಗ ಹಬ್ಬಕ್ಕೊಮ್ಮೆ ಕಾರು ಓಡಿಸಿಕೊಂಡು ಹೋಗಿ ಬಂದ ಊರು. ಫೋನು ಎಡಕ್ಕೆ ಎಂದರೆ ಎಡಕ್ಕೆ ತಿರುಗಿದ್ದಳು, ನೇರ ಎಂದರೆ ನೇರ ಹೋಗಿದ್ದಳು. ಈಗ ಕಣ್ಣು ಮುಚ್ಚಿದರೆ ಆ ಫೋನಿನ ದನಿಯಷ್ಟೇ ನೆನಪಾಯಿತು. ಒಂದು ಮರವೂ ನೆನಪಾಗಲಿಲ್ಲ.

"ನಂಗೆ ಗೊತ್ತಿಲ್ಲಮ್ಮ. ಅಲ್ಲೇ ಯಾರನ್ನಾದ್ರೂ ಕೇಳು."

"ಇಲ್ಲಿ ಯಾರೂ ಇಲ್ಲಕ್ಕ," ಎಂದಳು ರೆಹಾನಾ. "ಹೋಗ್ಲಿ ಬಿಡಿ, ವಾಪಸ್ ಹೋಗ್ತೀನಿ."

ತಟ್ಟೆ ಹಿಡಿದು ಕೂತಿದ್ದ ಎಂಟು ವರ್ಷದ ಮಗಳು ಚಾರ್ವಿ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದಳು.

"ಅಮ್ಮ, ದೊಡ್ಡಮ್ಮನ ಮನೆಗೆ ಹೋಗುವಾಗ ನಾನು ಹಿಂದಿನ ಸೀಟಲ್ಲಿ ನಿದ್ದೆ ಮಾಡ್ತಿದ್ದೆ. ನೀನು ಏನು ನೋಡ್ತಿದ್ದೆ?"